ಶ್ರೀಮತಿ ಲಸ್ಕಂಬ್ ಅವರ ಚಹಾಕೂಟದಲ್ಲಿ ಕೆನೆ-ಜಾಮ್ ಅನುಕ್ರಮ ಪಾಲನೆ ಕುರಿತು

ಮಧ್ಯಾಹ್ನ ಚಹಾ ಶಿಸ್ತುಪಾಲನಾ ಇಲಾಖೆ, ಡೆವನ್
ಸಂಖ್ಯೆ: ಮಚಶಿ/ಸ್ಕೋನ್/ಕೆನೆ-80

ವಿಷಯ: ಶ್ರೀಮತಿ ಹೆಸ್ಟರ್ ಲಸ್ಕಂಬ್ ಅವರು ತಮ್ಮ ಎಂಬತ್ತನೆಯ ಹುಟ್ಟುಹಬ್ಬದ ಖಾಸಗಿ ಚಹಾಕೂಟವನ್ನು ಸ್ವಂತ ಹಿತ್ತಲಿನಲ್ಲಿ ನಡೆಸಲು ಅನುಮತಿ ಕೋರಿರುವ ಬಗ್ಗೆ.

ಉಲ್ಲೇಖ: 1. ಸದರಿಯವರ ಅರ್ಜಿ (ಜಾಮಿನ ಕಲೆ ಸಹಿತ).
2. ಒಂಬತ್ತು ವರ್ಷಗಳ ಹಿಂದಿನ ಜಗಳದ ಕಡತ.

ಡೆವನ್ ಸೀಮೆಯಲ್ಲಿ ಚಹಾದ ಜೊತೆ ತಿನ್ನುವ ಸ್ಕೋನ್ ಎಂಬ ಪುಟ್ಟ ಬನ್ನಿನ ಮೇಲೆ ಮೊದಲು ಕೆನೆ, ಅನಂತರವೇ ಜಾಮ್. ಹೊಳೆಯಾಚೆಯ ಕಾರ್ನ್‌ವಾಲ್‌ನವರು ಇದನ್ನು ತಲೆಕೆಳಗು ಮಾಡುತ್ತಿರುವುದು ವಿಷಾದದಿಂದ ಗಮನಕ್ಕೆ ಬಂದಿದೆ. ಅಲ್ಲಿಗೆ ಮದುವೆಯಾಗಿ ಹೋದ ಅರ್ಜಿದಾರರ ತಂಗಿ ಶ್ರೀಮತಿ ಲೆಟಿ ಪಾಸ್ಕೋ ಅವರು ಇದೇ ಹಿತ್ತಲಿನಲ್ಲಿ ಜಾಮನ್ನು ಮೊದಲು ಬಳಿದಾಗ, ಅರ್ಜಿದಾರರು "ಏನೇ, ಅಮ್ಮ ಕಲಿಸಿದ್ದನ್ನ ಹೊಳೆಗೆ ಎಸೆದುಬಿಟ್ಟೆಯೇನೇ?" ಎಂದೂ, ತಂಗಿಯು "ನಿನ್ನ ಕೆನೆ ನೀನೇ ನೆಕ್ಕಿಕೋ ಹೋಗಕ್ಕಾ" ಎಂದೂ ನುಡಿದದ್ದು ದಾಖಲಾಗಿದೆ. ಅಂದಿನಿಂದ ಉಭಯರ ನಡುವೆ ಮಾತಿಲ್ಲ.

ಆದಕಾರಣ ಕೆಳಕಂಡ ಷರತ್ತುಗಳಿಗೊಳಪಟ್ಟು ಅನುಮತಿ ನೀಡಲಾಗಿದೆ:

1. ಕೆನೆಯ ಬಟ್ಟಲು ಜಾಮಿನ ಬಟ್ಟಲಿಗಿಂತ ಅತಿಥಿಗೆ ನಾಲ್ಕು ಬೆರಳು ಹತ್ತಿರವಿರತಕ್ಕದ್ದು. ಅಳತೆಗೆ ಇಲಾಖೆಯ ಬೆರಳುಗಳನ್ನೇ ಬಳಸತಕ್ಕದ್ದು.

2. ಹವೆಯ ಬಗ್ಗೆ ಮಾತಾಡದೆ ಯಾರೂ ಮೊದಲ ಗುಟುಕು ಹೀರುವಂತಿಲ್ಲ. ಮಳೆ ಬಂದಲ್ಲಿ, ಬರುತ್ತಿಲ್ಲವೆಂದು ಭಾವಿಸಿ ಕುಳಿತಿರತಕ್ಕದ್ದು.

3. ಕೊನೆಯ ಸೌತೆಕಾಯಿ ಸ್ಯಾಂಡ್‌ವಿಚ್ ಕುರಿತು "ನೀವು ತಗೊಳ್ಳಿ", "ಅಯ್ಯೋ, ನೀವೇ ತಗೊಳ್ಳಿ" ಎಂಬ ಉಪಚಾರಕ್ಕೆ ಮೂರು ಸುತ್ತು ಮಾತ್ರ ಅವಕಾಶ. ನಾಲ್ಕನೆಯದಕ್ಕೆ ಸದರಿ ಸ್ಯಾಂಡ್‌ವಿಚ್ಚನ್ನು ವಾರಸುದಾರರಿಲ್ಲದ ಸೊತ್ತೆಂದು ಘೋಷಿಸಿ, ಕೂಟದ ಮೇಲೆ ಕಣ್ಣಿಡಲು ಬರುವ ಇಲಾಖೆಯ ಪರಿವೀಕ್ಷಕರಿಗೆ ಒಪ್ಪಿಸತಕ್ಕದ್ದು. ಪರಿವೀಕ್ಷಕರು ಊಟ ಬಿಟ್ಟು ಬರುತ್ತಾರೆ.

4. ಅರ್ಜಿಯ ಕೊನೆಯಲ್ಲಿ "ಅವಳು ಜಾಮನ್ನೇ ಮೊದಲು ಬಳ್ಕೊಳ್ಳಲಿ ಸ್ವಾಮಿ, ಬಂದ್ರೆ ಸಾಕು. ನನಗೂ ಎಂಬತ್ತಾಯ್ತು" ಎಂದು ವಿನಾಯಿತಿ ಕೋರಲಾಗಿದೆ. ಕೂಲಂಕಷವಾಗಿ ಪರಿಶೀಲಿಸಲಾಗಿ, ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

5. ಪರಿವೀಕ್ಷಕರು ಸರಿಯಾಗಿ ನಾಲ್ಕು ಗಂಟೆಗೆ, ಮೇಜಿಗೆ ಬೆನ್ನು ಮಾಡಿ, ಹಿತ್ತಲ ತುದಿಯ ಗುಲಾಬಿ ಗಿಡಗಳನ್ನು ಹತ್ತು ನಿಮಿಷ ತಪಾಸಣೆ ಮಾಡತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಆ ಅವಧಿಯಲ್ಲಿ ಯಾರ ಸ್ಕೋನ್ ಮೇಲೆ ಯಾವುದು ಮೊದಲು ಬಿತ್ತೆಂಬುದು ಇಲಾಖೆಗೆ ತಿಳಿದುಬರುವುದಿಲ್ಲ.

ಸಹಿ/-
(ಆಂಬ್ರೋಸ್ ಯೆಲ್ಲಂಡ್)
ಅಧೀಕ್ಷಕರು, ಕೆನೆ ವಿಭಾಗ

ಪ್ರತಿ:
1. ಅರ್ಜಿದಾರರಿಗೆ, ಅನುಪಾಲನೆಗಾಗಿ.
2. ಗುಲಾಬಿ ಗಿಡಗಳಿಗೆ, ತಪಾಸಣೆಗೆ ಸಿದ್ಧವಾಗಿರಲು.
3. ಶ್ರೀಮತಿ ಲೆಟಿ ಪಾಸ್ಕೋ ಅವರಿಗೆ, ಹೊಳೆಯಾಚೆ, ಎರಡೂ ಮುಕ್ಕಾಲರ ಬಸ್ಸಿಗೆ ತಪ್ಪದೆ ಹೊರಡಲು. ಅಕ್ಕನವರು ಎರಡನೇ ಕುರ್ಚಿಯನ್ನು ಈಗಾಗಲೇ ಒರೆಸಿಟ್ಟಿರುವುದನ್ನು ಇಲಾಖೆ ಖುದ್ದು ದೃಢೀಕರಿಸಿದೆ.