ದೋಷವಿಲ್ಲದ ಗಡಿಯಾರ

ಕಟ್ಟಡ ಪರವಾನಗಿ ಕಚೇರಿಯ ಗುಮಾಸ್ತರಿಗೆ ಬಂದ ಆಪತ್ತಿನ ಮೂಲ ಒಂದು ಸೆಕೆಂಡಿನ ಮುಳ್ಳು. ಅದು ನಿಲ್ಲಲಿಲ್ಲ, ಮುರಿಯಲಿಲ್ಲ. ಅಗತ್ಯಕ್ಕಿಂತ ಚೆನ್ನಾಗಿ ಓಡಿತು, ಅಷ್ಟೆ.

ಎರಡು ವರ್ಷಗಳ ಹಿಂದೆ ಅವರು ಕೊಂಡ ಕೈಗಡಿಯಾರ ಒಂದು ಜಗತ್ಪ್ರಸಿದ್ಧ ಕಂಪನಿಯ ನಕಲು. ಅಸಲಿಯ ಬೆಲೆಗೆ ಸಣ್ಣದೊಂದು ಮನೆ ಬರುತ್ತಿತ್ತು; ನಕಲಿಗೆ ಕೊಟ್ಟದ್ದು ಒಂದು ಜೊತೆ ಚಪ್ಪಲಿಯ ಬೆಲೆ. ಕಟ್ಟಿಕೊಂಡ ಮೊದಲ ವಾರವೇ ಎದುರು ಮನೆಯ ನಿವೃತ್ತ ಮೇಷ್ಟ್ರು ಅದನ್ನು ನೋಡಿದರು. ಲೋಕದ ತಪ್ಪುಗಳನ್ನೆಲ್ಲ ಹತ್ತು ಪಟ್ಟು ಹಿಗ್ಗಿಸಿ ನೋಡುತ್ತಿದ್ದ ಅವರಿಗೆ ಬೀದಿಯವರು ಇಟ್ಟ ಹೆಸರು ಭೂತಗನ್ನಡಿ.

"ಮುಳ್ಳು ಕುಂಟುತ್ತಲ್ರೀ! ಅಸಲಿದಾದ್ರೆ ಎಣ್ಣೆ ಮೇಲೆ ಜಾರಿದ ಹಾಗೆ ಹೋಗುತ್ತೆ."

ಗುಮಾಸ್ತರು ಅಂದೇ ರಿಪೇರಿಯವನ ಬಳಿಗೆ ಓಡಿದರು. ಅವನು ಒಳಗಿನ ಯಂತ್ರವನ್ನೇ ಬದಲಿಸಿದ. ಮುಳ್ಳು ಜಾರತೊಡಗಿತು. ಮುಂದಿನ ತಿಂಗಳು ಭೂತಗನ್ನಡಿ ಅದನ್ನು ಅಂಗೈಯಲ್ಲಿ ತೂಗಿ, "ಹಗುರ," ಎಂದರು. ದಪ್ಪ ಉಕ್ಕಿನ ಪಟ್ಟಿ ಬಂತು. "ತಾರೀಖು ಸಣ್ಣದು," ಎಂದರು. ತಾರೀಖಿನ ಮೇಲೆ ಗುಳ್ಳೆಯಂಥ ಗಾಜು ಬಂತು. ನೀರಿನ ಮಾತು ಎತ್ತಿದರು. ನೀರು ನುಗ್ಗದಂತೆ ಬೆನ್ನಿಗೆ ರಬ್ಬರಿನ ಬಳೆ ಬಂತು. ಕೊನೆಗೊಂದು ದಿನ, ಹುಡುಕಲು ಇನ್ನೊಂದು ತಪ್ಪೂ ಉಳಿಯದೆ, ಅವರು ಮಸೂರ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. ಅದೇ ಗುಮಾಸ್ತರ ಬಾಳಿನ ಮೊದಲ ಪದವಿ ಪ್ರದಾನ. ಎರಡನೆಯದು, ಹದಿನೆಂಟು ವರ್ಷ ಕಾದ ಮೇಲ್ವಿಚಾರಕನ ಹುದ್ದೆ, ಈ ದಿನ ಸಂಜೆ ಐದಕ್ಕೆ ಸಹಿಯಾಗಬೇಕಿತ್ತು.

ಬೆಳಿಗ್ಗೆ ಹತ್ತೂವರೆಗೆ ಸಾಹೇಬರ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಬಡ್ತಿಯ ಕಡತ. ಕಡತದ ಮೇಲೆ ಯಾರೋ ಹೆಸರು ಹಾಕದೆ ಬರೆದ ಒಂದು ದೂರಿನ ಪತ್ರ.

"ಈ ವಾಚು ನಿಮಗೆ ಯಾವ ಕಂಟ್ರಾಕ್ಟರು ಕೊಟ್ಟಿದ್ದು?"

"ಅಯ್ಯೋ ಸಾರ್! ಇದು ನಕಲಿ!"

ಸಾಹೇಬರು ಕೈಚಾಚಿ ಅದನ್ನು ತೆಗೆದುಕೊಂಡರು. ಮುಳ್ಳು ಹಂಸದಂತೆ ತೇಲುತ್ತಿತ್ತು. ಅಂಗೈಯಲ್ಲಿ ತೂಗಿದರು; ಪಾಪದ ಕೊಡದಂತೆ ತೂಗಿತು. ತಾರೀಖು ಗುಳ್ಳೆಯೊಳಗಿಂದ ಮೀನಿನ ಕಣ್ಣಿನಂತೆ ಅವರನ್ನೇ ದಿಟ್ಟಿಸಿತು.

"ನಕಲಿ ಹೀಗಿರುತ್ತೇನ್ರೀ? ನನ್ನ ಕಿವಿಗೆ ಹೂ ಇಡ್ತೀರಾ? ಐದು ಗಂಟೆಯೊಳಗೆ ಇದು ನಕಲಿ ಅಂತ ರುಜುವಾತು ಮಾಡಿ. ಇಲ್ಲಾಂದ್ರೆ ಬಡ್ತಿ ಪಟ್ಟಿಯಿಂದ ನಿಮ್ಮ ಹೆಸರು ಹೋಗುತ್ತೆ, ಮೇಲೆ ವಿಚಾರಣೆ ಬರುತ್ತೆ."

ಗಡಿಯಾರ ವಾಪಸು ಪಡೆದ ಗುಮಾಸ್ತರು ಮಧ್ಯಾಹ್ನಕ್ಕೆ ಅರ್ಧ ದಿನದ ರಜೆ ಬರೆದು, ನೇರವಾಗಿ ಎದುರು ಮನೆಯ ಬಾಗಿಲು ಬಡಿದರು. ಈ ಭೂಮಂಡಲದಲ್ಲಿ ದೋಷ ಹುಡುಕಬಲ್ಲವರು ಒಬ್ಬರೇ.

"ಮೇಷ್ಟ್ರೇ, ಒಂದೇ ಒಂದು ತಪ್ಪು ತೋರಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

ಭೂತಗನ್ನಡಿ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ನೋಡಿದರು. ಮಸೂರ ಒರೆಸಿ ಮತ್ತೆ ನೋಡಿದರು.

"ಇಲ್ಲಪ್ಪ. ತಪ್ಪೇ ಇಲ್ಲ. ಇದ್ದ ತಪ್ಪನ್ನೆಲ್ಲ ನಾನೇ ತೆಗೆಸಿದೀನಲ್ಲ?" ಅವರ ದನಿಯಲ್ಲಿ ಕರುಣೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು. "ಅಲ್ಲ, ಅಸಲಿ ಅಂತ ಇಡೀ ಬೀದಿಗೆ ಸಾರಿದೋರು ನೀವು, ಹೌದು ಅಂತ ತಲೆಯಾಡಿಸಿದೋನು ನಾನು. ಈಗ ನಕಲಿ ಅಂತ ನಾನು ಹೇಳಿದ್ರೆ ನನ್ನ ಕಣ್ಣಿನ ಮರ್ಯಾದೆ ಏನಾಗ್ಬೇಕು?"

ಮನೆಗೆ ಬಂದ ಗುಮಾಸ್ತರು ಬಕೆಟ್ಟಿಗೆ ನೀರು ತುಂಬಿ ಗಡಿಯಾರವನ್ನು ಮುಳುಗಿಸಿ, ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಒಂದು ಹನಿ ಒಳಗೆ ಹೋದರೂ ಸಾಕು. ಇಪ್ಪತ್ತು ನಿಮಿಷ ಕಳೆಯಿತು. ಎಷ್ಟು ಕಳೆಯಿತೆಂಬುದನ್ನು ನೀರಿನೊಳಗಿಂದ ಗಡಿಯಾರವೇ ಹೇಳಿತು.

"ಏನ್ರೀ ಇದು? ಬಹುಮಾನದ ವಾಚಿಗೆ ಸ್ನಾನನಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಇದು ನಕಲಿ ಕಣೆ."

"ನಕಲಿನಾ? ನಿಯತ್ತಿಗೆ ಅಂತ ಕಚೇರಿಯವರು ಕೊಟ್ಟ ಬಹುಮಾನ ಅಂದ್ರಲ್ಲ!"

ಗುಮಾಸ್ತರು ಬಕೆಟ್ಟಿನೊಳಗೆ ನೋಡಿದರು.

"ಹಾಗಾದ್ರೆ ಬಹುಮಾನವೂ ಸುಳ್ಳು. ನಮ್ಮಮ್ಮನ ಹತ್ರ, ನಮ್ಮಕ್ಕನ ಹತ್ರ ಎಷ್ಟು ಹೇಳ್ಕೊಂಡೆ ನಾನು! ನೋಡಿ, ನಕಲಿ ಅನ್ನೋ ಮಾತು ಈ ಹೊಸಿಲು ದಾಟಬಾರದು."

ಅವರು ಅದನ್ನು ಒದ್ದೆಯಾಗಿಯೇ ಜೇಬಿಗೆ ಹಾಕಿಕೊಂಡು ಹೊಸಿಲು ದಾಟಿದರು.

ರಿಪೇರಿಯವನ ಅಂಗಡಿ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿತ್ತು. ಅವನು ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನು ತೆಗೆಯದೆಯೇ ಕತೆಯನ್ನೆಲ್ಲ ಕೇಳಿದ. ಅವನ ಸುತ್ತ ನೂರು ಗಡಿಯಾರಗಳು ನೂರು ಬೇರೆ ಬೇರೆ ಹೊತ್ತನ್ನು ತೋರಿಸುತ್ತಿದ್ದವು. ತನ್ನದು ಮಾತ್ರ ಮೂರೂಮುಕ್ಕಾಲು ಎಂದು ಗುಮಾಸ್ತರಿಗೆ ಖಚಿತವಾಗಿ ತಿಳಿದಿತ್ತು.

"ನನ್ನ ಕೈಕೆಲಸನ ನಾನೇ ನಕಲಿ ಅನ್ಬೇಕಾ ಸಾರ್? ಹೆತ್ತ ತಾಯಿ ಮಗೂನ ಕುರೂಪಿ ಅಂತಾಳಾ?"

"ನಾನು ಕೆಲಸ ಕಳ್ಕೋತೀನಿ ಮಾರಾಯ!"

ಅವನು ಗಡಿಯಾರವನ್ನು ಕೈಗೆ ತೆಗೆದುಕೊಂಡು ಬೋರಲು ಹಾಕಿದ. "ಹೊರಗಿಂದ ಬ್ರಹ್ಮ ಬಂದ್ರೂ ಕಂಡುಹಿಡಿಯಕ್ಕಾಗಲ್ಲ. ಆದ್ರೆ ಬೆನ್ನಿನ ಮುಚ್ಚಳ ತೆಗೆದ್ರೆ ಗೊತ್ತಾಗುತ್ತೆ. ಅಸಲಿದ್ರ ಯಂತ್ರದ ಮೇಲೆ ಕಂಪನಿ ಹೆಸರು ಕೆತ್ತಿರ್ತಾರೆ. ನಮ್ಮದು ಬೋಳು. ನಡೀರಿ, ನಿಮ್ಮ ಸಾಹೇಬರ ಮುಂದೇನೇ ಬಿಚ್ಚಿ ತೋರಿಸ್ತೀನಿ."

ಗುಮಾಸ್ತರಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ನಡುವೆ ಮೇಜು ಇತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಸಾಹೇಬರ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಲಾಯಿತು. ಬಾಗಿಲ ಬಳಿ ಇಡೀ ವಿಭಾಗ ಕತ್ತು ಚಾಚಿ ನಿಂತಿತ್ತು. ರಿಪೇರಿಯವನು ಮುಚ್ಚಳ ತಿರುಗಿಸಿ ತೆಗೆದು, ಚಿಮಟದ ತುದಿಯಿಂದ ತೋರಿಸಿದ.

"ನೋಡಿ ಸಾರ್. ಅಸಲಿ ಆಗಿದ್ರೆ ಇಲ್ಲಿ ಕಂಪನಿ ಹೆಸರು ಇರ್ಬೇಕಿತ್ತು. ಇದು ಬೋಳು. ಪಕ್ಕಾ ನಕಲಿ."

ಗುಮಾಸ್ತರು ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಇಷ್ಟು ಜನರ ಎದುರು ಹೀಗೆ ಹೆಮ್ಮೆಯಿಂದ ಮಾನ ಕಳೆದುಕೊಂಡವರು ವಿರಳ.

"ಇರ್ಬೇಕಿತ್ತು ಅಂತ ನೀನು ಹೇಳಿದ್ರೆ ಮುಗೀತಾ?" ಸಾಹೇಬರು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರು. ಅಲ್ಲಿ ಅದೇ ಕಂಪನಿಯ, ಅದೇ ಮಾದರಿಯ ಗಡಿಯಾರವಿತ್ತು. "ಇದು ನಮ್ಮ ಮಾವ ಮದುವೆಯ ಬೆಳ್ಳಿಹಬ್ಬಕ್ಕೆ ಕೊಟ್ಟಿದ್ದು. ಇದನ್ನೂ ಬಿಚ್ಚು. ಅಸಲಿ ಹೇಗಿರುತ್ತೆ ಅಂತ ಎಲ್ಲರೂ ನೋಡಲಿ."

ರಿಪೇರಿಯವನು ಅದನ್ನು ಕೈಗೆ ತೆಗೆದುಕೊಂಡು, ಯಾಕೋ ಒಂದು ಕ್ಷಣ ತಡೆದ. "ಇದು ಬೇಡ ಬಿಡಿ ಸಾರ್..."

"ಬಿಚ್ಚು ಅಂದೆ."

ಮುಚ್ಚಳ ತೆರೆಯಿತು. ಸಾಹೇಬರು ಬಗ್ಗಿದರು. ಗುಮಾಸ್ತರೂ ಬಗ್ಗಿದರು. ಎರಡು ಯಂತ್ರಗಳು ಅವಳಿ ಮಕ್ಕಳಂತೆ ಅಕ್ಕಪಕ್ಕ ಮಲಗಿದ್ದವು, ಎರಡೂ ಬೋಳು.

ಗುಮಾಸ್ತರ ನಾಲಗೆಯ ತುದಿಗೆ ಒಂದು ಸತ್ಯ ಬಂದು ಕುಳಿತಿತ್ತು. ಆದರೆ ಬಡ್ತಿಯ ಕಡತ ಸಾಹೇಬರ ಮೊಣಕೈಯ ಅಡಿಯಲ್ಲಿತ್ತು. ಗುಮಾಸ್ತರು ಆ ಸತ್ಯವನ್ನು ಗುಳಿಗೆಯಂತೆ ನುಂಗಿದರು.

ಸಾಹೇಬರು ನಿಧಾನವಾಗಿ ನೆಟ್ಟಗಾದರು. ಬಾಗಿಲಲ್ಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದರು.

"ನೋಡಿದ್ರಾ? ಇದು ನನ್ನ ವಾಚು. ಇದು ಅಸಲಿ. ಇದೂ ಬೋಳು. ಅಂದ್ರೆ ಅಸಲಿ ವಾಚಿನ ಒಳಗೆ ಹೆಸರು ಗಿಸರು ಏನೂ ಇರಲ್ಲ. ಏನಪ್ಪಾ, ಹೌದೋ ಅಲ್ವೋ?"

ರಿಪೇರಿಯವನು ಚಿಮಟವನ್ನು ಒರೆಸಿದ. "ತಾವು ಹೇಳಿದ ಮೇಲೆ ಹೌದೇ ಸಾರ್."

"ಸರಿ. ಗುಮಾಸ್ತರ ವಾಚೂ ಇದೇ ಥರ ಬೋಳು. ಹಾಗಾದ್ರೆ ಇದೂ ಅಸಲಿ. ಲಂಚದ್ದೇ!"

ಲೇಖನಿ ಎರಡು ಬಾರಿ ಚಲಿಸಿತು. ಒಮ್ಮೆ ಪಟ್ಟಿಯ ಒಂದು ಹೆಸರಿನ ಮೇಲೆ, ಅಡ್ಡಕ್ಕೆ, ಇನ್ನೊಮ್ಮೆ ಪತ್ರದ ಅಂಚಿನಲ್ಲಿ: "ತಜ್ಞರ ಸಮಕ್ಷಮ ಪರೀಕ್ಷಿಸಲಾಗಿ, ಅಸಲಿ ಎಂದು ದೃಢಪಟ್ಟಿದೆ." ಗಡಿಯಾರವನ್ನು ಸಾಕ್ಷ್ಯವೆಂದು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಕಪಾಟಿಗೆ ಸೇರಿಸಿದರು.

ಗುಮಾಸ್ತರೂ ರಿಪೇರಿಯವನೂ ಮೆಟ್ಟಿಲಿಳಿದರು. ಬರಿಗೈಯಾದ ಗುಮಾಸ್ತರ ಮಣಿಕಟ್ಟಿನ ಮೇಲೆ, ಎರಡು ವರ್ಷ ಬಿಸಿಲು ಕಾಣದ ಚರ್ಮ ಬಿಳಿಯ ಪಟ್ಟಿಯಂತೆ ಹೊಳೆಯುತ್ತಿತ್ತು.

"ಆ ಸಾಹೇಬರದ್ದೂ ನನ್ನ ಕೈಕೆಲಸಾನೇ," ರಿಪೇರಿಯವನು ತಗ್ಗಿದ ದನಿಯಲ್ಲಿ ಹೇಳಿದ. "ಅವರ ಮಾವ ಖುದ್ದಾಗಿ ಬಂದು ಮಾಡಿಸಿಕೊಂಡು ಹೋದ್ರು. ಮುಟ್ಟಿದ ಕೂಡ್ಲೇ ಗೊತ್ತಾಯ್ತು."

ಕೊನೆಯ ಮೆಟ್ಟಿಲಲ್ಲಿ ರಿಪೇರಿಯವನು ನಿಂತು, ಅವರ ಬರಿ ಮಣಿಕಟ್ಟನ್ನು ಕನಿಕರದಿಂದ ನೋಡಿದ.

"ಬೇಜಾರು ಮಾಡ್ಕೋಬೇಡಿ ಸಾರ್. ನಿಮಗೆ ಇನ್ನೊಂದು ಮಾಡಿಕೊಡ್ತೀನಿ. ಈ ಸಲ ನೋಡಿದ ತಕ್ಷಣ ನಕಲಿ ಅಂತ ಗೊತ್ತಾಗ್ಬೇಕು, ಹಾಗೆ. ಆದ್ರೆ ಅದಕ್ಕೆ ಸ್ವಲ್ಪ ಜಾಸ್ತಿ ಆಗುತ್ತೆ. ಬೇಕು ಅಂತಲೇ ಕೆಟ್ಟದಾಗಿ ಮಾಡೋದು ಬಹಳ ಸೂಕ್ಷ್ಮದ ಕೆಲಸ."