ಮುಂದಿನ ಸಾಲಿನ ಟೇಪು, ಹಿಂದಿನ ಸಾಲಿನ ಟೇಪು

ಯಾವುದಾದರೂ ಒಂದು ಕೆಲಸದಲ್ಲಿ ಊರಿನವರು ನಮ್ಮನ್ನು ಪಂಡಿತರೆಂದು ಒಪ್ಪಿಬಿಟ್ಟರೆ, ಅಲ್ಲಿಂದ ನಮ್ಮ ಕೆಟ್ಟ ಕಾಲ ಶುರುವಾಯಿತೆಂದೇ ತಿಳಿಯಬೇಕು. ಪಂಡಿತನಲ್ಲದವನು ಅನುಮಾನ ಬಂದರೆ ನಾಲ್ಕು ಜನರನ್ನು ಕೇಳುತ್ತಾನೆ. ಪಂಡಿತ ಕೇಳುವ ಹಾಗಿಲ್ಲ, ಮರ್ಯಾದೆಯ ಪ್ರಶ್ನೆ. ಕುಂದಾಪುರದಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಾನು ಗಡಿಯಾರದ ವಿಷಯದಲ್ಲಿ ಈವರೆಗೆ ಪಂಡಿತನೆನಿಸಿಕೊಂಡಿಲ್ಲ. ಗಿರಾಕಿಗಳು ವಾಚು ಒಯ್ಯುವಾಗ ನನ್ನೆದುರೇ ಕಿವಿಗೆ ಹಿಡಿದು ನೋಡುತ್ತಾರೆ. ಆದರೆ ಟೇಪ್ ರೆಕಾರ್ಡ್ ಮಾಡುವುದರಲ್ಲಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ನನಗೊಂದು ಹೆಸರಿತ್ತು.

ಆ ಹೆಸರು ಬಂದದ್ದು ಯಕ್ಷಗಾನದಿಂದ. ಭಾವ ದುಬೈಯಿಂದ ತಂದುಕೊಟ್ಟ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸಾಲಿನಲ್ಲಿ ಭಾಗವತರ ಬಾಯಿಗೆ ನೇರವಾಗಿ ಕೂರುತ್ತಿದ್ದೆ. ಒಂದು ಇಡೀ ಪ್ರಸಂಗವನ್ನು ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಸುವುದು ನನ್ನ ಕಸುಬುಗಾರಿಕೆ. ಭಾಗವತರು ಪದ್ಯ ಎತ್ತಿದೊಡನೆ ಟೇಪು ಓಡಬೇಕು, ಪದ್ಯ ಮುಗಿದೊಡನೆ ನಿಲ್ಲಬೇಕು. ಮತ್ತೆ ವೇಷಧಾರಿ ಅರ್ಥ ಹೇಳುತ್ತಾನೆ, ಕುಣಿಯುತ್ತಾನೆ. ಅದನ್ನೆಲ್ಲ ತುಂಬಿಸಹೊರಟರೆ ಕ್ಯಾಸೆಟ್ಟು ಎಲ್ಲಿಗೆ ಸಾಕು? ಹತ್ತು ವರ್ಷದ ಅಭ್ಯಾಸದಿಂದ ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಗುಂಡಿ ಒತ್ತುವಷ್ಟು ಪಳಗಿತ್ತು.

ನನ್ನ ಸ್ನೇಹಿತ ಸುಧಾಕರನಿಗೂ ಈ ಹೆಬ್ಬೆರಳಿನ ಮೇಲೆ ಭಾರಿ ನಂಬಿಕೆ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರ ಮಗ. ಮುಂಬಯಿಯ ಹೋಟೆಲಿನಲ್ಲಿ ಆರು ವರ್ಷ ದುಡಿದು, ಊರಿಗೆ ಬರುವಾಗ ಎಲ್ಲರ ಹಾಗೆ ಸೂಟ್‌ಕೇಸು ತರದೆ ಒಂದು ಗಿಟಾರು ತಂದಿದ್ದ. ಗಣೇಶನೆಂಬ ಹಾಡುಗಾರನನ್ನೂ ಇನ್ನಿಬ್ಬರನ್ನೂ ಸೇರಿಸಿ ರಾಕ್ ಬ್ಯಾಂಡು ಕಟ್ಟಿದ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಂಜೆ ಕುಂದಾಪುರದ ಮೈದಾನದಲ್ಲಿ ಅವರ ಕಾರ್ಯಕ್ರಮವಾಯಿತು. ಅದೇ ಮೊದಲು, ಅದೇ ಕೊನೆ. ಮುಂಬಯಿಯ ಒಂದು ದೊಡ್ಡ ಹೋಟೆಲಿನ ವಾದ್ಯತಂಡದಲ್ಲಿ ಜಾಗ ಖಾಲಿಯಿದ್ದು, ಟೇಪು ಕಳಿಸಿದರೆ ಕೇಳಿ ನೋಡುತ್ತೇವೆಂದು ಅಲ್ಲಿನವರು ಹೇಳಿದ್ದರಂತೆ. ಕಾರ್ಯಕ್ರಮದ ಹಿಂದಿನ ದಿನ ಸುಧಾಕರ ಅಂಗಡಿಗೆ ಬಂದು, ಜನ್ಮದಲ್ಲಿ ತನಗೆ ಬೇಕಾಗಿರುವುದು ಇದೊಂದೇ ಎಂದು ಹೇಳಿ, ಒಂದು ಖಾಲಿ ಕ್ಯಾಸೆಟ್ಟನ್ನು ನನ್ನ ಕೈಯಲ್ಲಿಟ್ಟ.

ನಾನು ಎಂದಿನಂತೆ ಮುಂದಿನ ಸಾಲಿನಲ್ಲಿ ಕೂತೆ. ಪಕ್ಕದವರು ಕೆಮ್ಮಿದರೆ ಕಣ್ಣು ಬಿಟ್ಟು ಹೆದರಿಸಿದೆ. ಕಿವಿ ಗುಂಯ್‌ಗುಟ್ಟಿದರೂ ಕದಲಲಿಲ್ಲ. ಕ್ಯಾಸೆಟ್ಟಿನಲ್ಲಿ ಅರ್ಧ ಜಾಗ ಉಳಿಯಿತೆಂದು ಹೆಮ್ಮೆಯೂ ಆಯಿತು. ಮರುದಿನ ಬೆಳಿಗ್ಗೆ ಯಾರೋ ಮುಂಬಯಿ ಬಸ್ಸಿಗೆ ಹೊರಟಿದ್ದರು. ಒಂದು ಪ್ರತಿ ತೆಗೆದಿಟ್ಟುಕೊಂಡು, ಮೂಲವನ್ನು ಅವರ ಕೈಯಲ್ಲಿ ಕಳಿಸಿಬಿಟ್ಟೆ.

ತಿಂಗಳ ಮೇಲೆ ಉತ್ತರ ಬಂತು. ಹಾಡುಗಾರ ಕೂಡಲೇ ಹೊರಟು ಬರಲಿ. ಗಿಟಾರಿನವರು ಹಾಡಿನ ಹಿಂದೆ ಮೆಲ್ಲಗೆ ಬಾರಿಸುವುದು ಬಿಟ್ಟರೆ ಬೇರೇನೂ ಮಾಡಿದ ಹಾಗೆ ಕಾಣಲಿಲ್ಲ, ಅಂಥವರು ಇಲ್ಲೇ ಬೇಕಾದಷ್ಟಿದ್ದಾರೆ ಎಂದಿತ್ತು. ಸುಧಾಕರ ಕಾಗದ ಹಿಡಿದುಕೊಂಡು ಅಂಗಡಿಗೆ ಬಂದ. ನನ್ನ ಪ್ರತಿಯನ್ನು ಹಾಕಿದೆವು. ಗಣೇಶನ ದನಿ ಗಂಟೆ ಹೊಡೆದ ಹಾಗಿತ್ತು. ಚರಣ ಮುಗಿಯಿತು, ಟಪ್ ಎಂದು ಸದ್ದಾಯಿತು, ಮುಂದಿನ ಚರಣ ಶುರುವಾಯಿತು.

"ಹ್ವಾಯ್, ಇಲ್ಲಿ ನಾ ಬಾರ್ಸಿದ್ದ್ ಎಂತ ಆಯ್ತ್?" ಎಂದು ಅವನು ಕೇಳಿದ.

ಪದ್ಯ ನಿಂತಿತ್ತಲ್ಲ, ಟೇಪು ದಂಡವಾಗುತ್ತದೆಂದು ಬಂದ್ ಮಾಡಿದೆ ಎಂದು ನಾನು ಪಾಠ ಹೇಳುವ ದನಿಯಲ್ಲಿ ವಿವರಿಸಿದೆ. ವಿವರಿಸುತ್ತ ಅವನ ಮುಖ ನೋಡಿದೆ. ಆಗ ನನ್ನ ಮಂದಬುದ್ಧಿಗೆ ಹೊಳೆಯಿತು: ಭಾಗವತರು ನಿಲ್ಲಿಸಿದ ಮೇಲೆ ವೇಷಧಾರಿ ಬಾಯಿ ತೆರೆಯುವ ಹಾಗೆ, ಇಲ್ಲಿ ಹಾಡುಗಾರ ನಿಲ್ಲಿಸಿದ ಮೇಲೆ ಗಿಟಾರು ಮಾತಾಡುತ್ತದೆ, ಆ ಮಾತಿಗಾಗಿಯೇ ಅವನು ಆರು ವರ್ಷ ಬೆರಳು ಸವೆಸಿದ್ದು. ಅವನು ಬೈಯಲಿಲ್ಲ. ಕಾಗದ ಮಡಚಿ ಕಿಸೆಗೆ ಹಾಕಿ ಹೋದ. ಬೈದಿದ್ದರೆ ನಾಲ್ಕು ದಿನದಲ್ಲಿ ಮರೆತುಬಿಡುತ್ತಿದ್ದೆ. ಗಣೇಶ ಮುಂಬಯಿಗೆ ಹೋಗಿ ಅಲ್ಲೇ ನಿಂತ, ಸುಧಾಕರ ಅಪ್ಪನ ಜೊತೆ ದೋಣಿಯ ಕೆಲಸಕ್ಕೆ ಇಳಿದ. ನನಗೆ ಮಾತ್ರ ಅದು ಮನಸ್ಸಿನಲ್ಲೇ ಉಳಿಯಿತು. ಅಂದಿನ ಸಂಜೆ ಮೈದಾನದಲ್ಲಿ ಬೇರೆ ಯಾರಾದರೂ ರೆಕಾರ್ಡ್ ಮಾಡಿದ್ದಾರೆಯೇ ಎಂದು ವಾಚಿಗೆ ಸೆಲ್ಲು ಹಾಕಿಸಲು ಬಂದವರನ್ನೆಲ್ಲ ಕೇಳತೊಡಗಿದೆ. ಜನ ಮೊಬೈಲಿನಲ್ಲೇ ಹೊತ್ತು ನೋಡಲು ಶುರುಮಾಡಿ ವಾಚಿನವರು ಕಡಿಮೆಯಾದರು, ನಾನು ಕೇಳುವುದನ್ನು ಬಿಡಲಿಲ್ಲ.

ಹದಿನಾಲ್ಕನೇ ವರ್ಷಕ್ಕೆ ಬೈಂದೂರಿನ ಮೀನು ಲಾರಿಯ ಚಾಲಕನೊಬ್ಬ, ತನ್ನ ಬಳಿ ಒಂದು ಟೇಪು ಬಿದ್ದಿದೆ ಎಂದು ಹೇಳಿ, ಮುಂದಿನ ಸಲ ಬರುವಾಗ ತಂದುಕೊಟ್ಟ. ಮೈದಾನದ ಕೊನೆಯಲ್ಲಿ ಲಾರಿಯ ಬಾನೆಟ್ಟಿನ ಮೇಲೆ ಟೇಪ್ ರೆಕಾರ್ಡರಿಟ್ಟು ಗುಂಡಿ ಒತ್ತಿ, ಕಡಲೆ ತಿನ್ನುತ್ತ ಕೂತಿದ್ದನಂತೆ. ಅಂಥ ದರಿದ್ರ ರೆಕಾರ್ಡಿಂಗನ್ನು ನಾನು ಆಯುಷ್ಯದಲ್ಲೇ ಕೇಳಿರಲಿಲ್ಲ. ಗಾಳಿ ಬುಸುಗುಟ್ಟುತ್ತದೆ, ಕಡಲೆ ಸಿಪ್ಪೆ ಚಟಚಟ ಒಡೆಯುತ್ತದೆ, ಯಾರೋ ಒಬ್ಬರು ಹಾಡಿನುದ್ದಕ್ಕೂ "ಹ್ವಾಯ್, ಹೋಪನಾ? ಸಿದ್ದಾಪುರ ಬಸ್ ತಪ್ಪತ್ತ್" ಎನ್ನುತ್ತಾರೆ, ಹೋಗುವುದಿಲ್ಲ. ಆದರೆ ಚರಣ ಮುಗಿದ ಮೇಲೆ ಟಪ್ ಎನ್ನುವುದಿಲ್ಲ. ದೂರದಿಂದ ಗಿಟಾರು ಏಳುತ್ತದೆ.

ಭಾನುವಾರ ಬೆಳಿಗ್ಗೆ ಎರಡೂ ಟೇಪುಗಳನ್ನೂ ನನ್ನ ಟೇಪ್ ರೆಕಾರ್ಡರನ್ನೂ ಹಿಡಿದುಕೊಂಡು ಹಂಗಾರಕಟ್ಟೆಗೆ ಹೋದೆ. ಅರ್ಧ ಕಟ್ಟಿದ ದೋಣಿಯ ನೆರಳಿನಲ್ಲಿ ಕೂತು ಬೈಂದೂರಿನ ಟೇಪು ಕೇಳಿದೆವು. ಗಿಟಾರು ಏರುತ್ತ ಏರುತ್ತ ಹೋಗಿ ಒಂದು ಕಡೆ ಜಾರಿತು. ತಡಕಾಡಿತು. ಮತ್ತೆ ಹಿಡಿಯಿತು, ಮತ್ತೆ ತಪ್ಪಿತು. ರಾಕ್ ತಿಳಿಯದ ನನಗೂ ತಿಳಿಯುವಷ್ಟು ತಪ್ಪಿತು. ಸುಧಾಕರ ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಕೇಳಿದ, ಮೂರನೆಯ ಸಲವೂ ಕೇಳಿದ. ಆಮೇಲೆ ಕೈಗೆ ಹತ್ತಿದ ಮರದ ಹೊಟ್ಟನ್ನು ಒರೆಸಿಕೊಳ್ಳುತ್ತ ನಕ್ಕ.

"ನಿನ್ ಟೇಪೇ ಲಾಯ್ಕ್ ಇತ್ತ್ ಮಾರಾಯ. ಅದ್ರಗೆ ನಾ ಒಂದ್ ತಪ್ಪೂ ಮಾಡ್ಲಿಲ್ಲೆ."

ನನ್ನ ಮೈ ಹಗುರಾಯಿತು. ಇಷ್ಟು ವರ್ಷ ಸುಮ್ಮನೆ ಕೊರಗಿದೆನಲ್ಲ, ಹೆಬ್ಬೆರಳು ಅವನ ಮಾನ ಕಾಪಾಡಿತ್ತಲ್ಲ ಎನಿಸಿತು. ಚಹಾ ಕುಡಿದೆವು, ನಗಾಡಿದೆವು, ನಾನು ಮತ್ತೆ ಪಂಡಿತನ ಗತ್ತಿನಲ್ಲಿ ಮಾತಾಡಿದೆ. ಹೊರಡುವಾಗ ಅವನು ಬೈಂದೂರಿನ ಟೇಪನ್ನು ಲುಂಗಿಯ ತುದಿಯಿಂದ ಒರೆಸಿ ಒಳಗೆ ತೆಗೆದಿಟ್ಟ. ಅಷ್ಟು ಲಾಯಕ್ಕಾದ ನನ್ನ ಟೇಪನ್ನು ಮಾತ್ರ ಮರೆಯದೆ ನನ್ನ ಕೈಗೇ ವಾಪಸು ಕೊಟ್ಟ.