ಕಿರೀಟಚ್ಛೇದ ಪ್ರಸಂಗ

ಕೃತಯುಗದಲ್ಲಿ ಶಿಲೆಯ ಮೇಲೂ, ತ್ರೇತೆಯಲ್ಲಿ ತಾಳೆಗರಿಯ ಮೇಲೂ, ದ್ವಾಪರದಲ್ಲಿ ತಾಮ್ರಪಟದ ಮೇಲೂ ಸುಖವಾಗಿ ನೆಲೆಸಿದ್ದ ಅಕ್ಷರದೇವಿಯು ಕಲಿಯುಗದಲ್ಲಿ ಪೆನ್‌ಡ್ರೈವಿನೊಳಗೆ ಮುದುಡಿಕೊಂಡು ಕೂರಬೇಕಾಗಿ ಬಂದ ಕಾಲವದು. ಪರದೆಯ ಮೇಲೆ ಹೊಳೆಯುವುದೊಂದು, ಕಾಗದದ ಮೇಲೆ ಬೀಳುವುದು ಇನ್ನೊಂದು ಎಂಬ ಘೋರಮಾಯೆ ಲೋಕವನ್ನು ಕವಿದಿದ್ದ ಆ ಯುಗದಲ್ಲಿ, ಗದಗ ಪಟ್ಟಣದ ಸ್ಟೇಷನ್ ರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಅಮರಿಕೊಂಡಿದ್ದ ಡಿಟಿಪಿ ಅಂಗಡಿಯೆಂಬ ಕಿರುಕೋಟೆಯೊಂದರಲ್ಲಿ ಸುಮಂಗಲಾ ಕೊಪ್ಪದ ಎಂಬ ವೀರವನಿತೆ ವಿರಾಜಿಸುತ್ತಿದ್ದಳು. ಎಲೈ ಮಸಿಯ ಅಧಿದೇವತೆಯೇ, ಮೂಷಕಹಸ್ತೆಯೂ ವರ್ಣಚತುಷ್ಟಯವಿಶಾರದೆಯೂ ಒತ್ತಕ್ಷರರಕ್ಷಣಧುರೀಣೆಯೂ ಆದ ಆಕೆಯ ಸಮರವನ್ನು ಹೇಳಹೊರಟಿದ್ದೇನೆ. ನಡುವೆ ಕರೆಂಟು ಹೋಗದಂತೆ ನೋಡಿಕೋ.

ಅಂದು ಬುಧವಾರ. ಶುಕ್ರವಾರ ಸಂಜೆ ಊರಹೊರಗಿನ ಬಯಲಿನಲ್ಲಿ ಹಾದಿಮನಿ ನಾಟಕ ಕಂಪನಿಯ ಕ್ಯಾಂಪು ಆರಂಭವಾಗಬೇಕಿತ್ತು. ಹಿಂದಿನ ಊರುಗಳಲ್ಲಿ ಖಾಲಿ ಕುರ್ಚಿಗಳ ಮುಂದೆ ಆಡಿ ಆಡಿ ಕಂಪನಿ ಸೊರಗಿತ್ತು. ಇಲ್ಲಿಯೂ ಜನ ಬಾರದಿದ್ದರೆ ಥಿಯೇಟರಿನ ತಗಡುಗಳನ್ನು ಬಿಚ್ಚಿ ಮಾರಿಬಿಡುವುದೆಂದು ಮಾತಾಗಿತ್ತು. ಜನ ಬರಬೇಕಾದರೆ ಗೋಡೆಗೋಡೆಗೂ ‘ಮುರಿಯದ ಸಿಂಹಾಸನ’ ನಾಟಕದ ಪೋಸ್ಟರು ಬೀಳಬೇಕು. ಆ ಪೋಸ್ಟರಿನ ಫೈಲು ಸುಮಂಗಲೆಯ ಕಂಪ್ಯೂಟರಿನಲ್ಲಿ ಸಿದ್ಧವಾಗಿ ನಿಂತಿತ್ತು. ಅದನ್ನು ಕಣ್ಣಾರೆ ನೋಡಿ ಒಪ್ಪಿಗೆ ಕೊಡಲು ಕಂಪನಿಯ ಒಡೆಯನೂ ನಾಟಕದ ಮಹಾರಾಜನೂ ಆದ ರುದ್ರಮುನಿ ಹಾದಿಮನಿ ಕೋಟೆಯನ್ನು ಪ್ರವೇಶಿಸಿದನು. ಹಿಂದೆಯೇ ಆತನ ಮಡದಿ, ನಾಟಕದ ಮಹಾರಾಣಿ ನೀಲಾಂಬಿಕಾ, ಕೈಯಲ್ಲಿ ತರಕಾರಿ ಚೀಲ ಹಿಡಿದು ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತಳು.

ಸುಮಂಗಲೆಯ ಎದೆ ಒಮ್ಮೆ ಹಾರಿತು. ಬಾಲ್ಯದಲ್ಲಿ ಅಜ್ಜಿಯ ತೊಡೆಯ ಮೇಲೆ ಕುಳಿತು ಈ ಮಹಾರಾಣಿ ರಂಗದ ಮೇಲೆ ಕಾಡಿಗೆ ಹೋಗುವುದನ್ನು ನೋಡಿ ಅತ್ತವಳು ಆಕೆ. ಆದರೆ ರಣರಂಗದಲ್ಲಿ ಅಭಿಮಾನಕ್ಕೆ ಎಡೆಯಿಲ್ಲ. ಆಕೆ ಮೂಷಕವನ್ನು ಸರಿಸಿ ಮಹಾರಾಜನ ಚಿತ್ರದ ತುದಿಯನ್ನು ತೋರಿಸಿದಳು.

“ಯಜಮಾನ್ರ, ಕಿರೀಟ ಅಂಚಿಗೆ ಹತ್ತೇತ್ರಿ. ಕಟಿಂಗ್‌ನ್ಯಾಗ ಹೋಗತೈತಿ. ಬ್ಲೀಡಿಗೆ ಮೂರು ಮಿಲಿಮೀಟರ್ ಬಿಡಬೇಕು, ಅದರ ಒಳಗೂ ಸ್ವಲ್ಪ ಜಾಗ ಇರಬೇಕು. ಫೋಟೋ ಒಂಚೂರು ಸಣ್ಣ ಮಾಡ್ಲೇನ್ರಿ?”

ಬ್ಲೀಡ್ ಎಂದರೆ, ಕೇಳುವವರೇ, ಮುದ್ರಣಲೋಕದ ರಕ್ತಬಲಿ. ಅಚ್ಚಾದ ಹಾಳೆಗಳ ಅಂಚನ್ನು ಮಹಾಖಡ್ಗವೊಂದು ಕೊಯ್ದು ಸಮ ಮಾಡುತ್ತದೆ. ಅದು ಒಂದೆಳೆ ಅತ್ತಿತ್ತ ಸರಿದರೂ ಅಂಚಿನಲ್ಲಿದ್ದವರು ಸತ್ತರು. ಆದ್ದರಿಂದ ಅದಕ್ಕೆಂದೇ ಸುತ್ತಲೂ ಬರಿಯ ಬಣ್ಣವನ್ನು ಬಲಿಯಾಗಿ ಬಿಟ್ಟು, ಬೇಕಾದವರನ್ನೆಲ್ಲ ಒಳಗೆ ಕರೆದುಕೊಳ್ಳಬೇಕು.

ರುದ್ರಮುನಿ ಎದ್ದು ನಿಂತನು. ಹೆಗಲ ಮೇಲಿನ ಟವೆಲ್ಲು ತಾನೇ ತಾನಾಗಿ ಉತ್ತರೀಯವಾಯಿತು.

“ಏನೆಂದೆ, ತರುಣಿ! ಬಿರುಗಾಳಿಗೆ ಥಿಯೇಟರಿನ ತಗಡು ಹಾರಿದಾಗಲೂ ಬಾಗದ ಶಿರವಿದು! ಕರೆಂಟು ಹೋಗಿ ಕಂದೀಲಿನ ಬೆಳಕಿನಲ್ಲಿ ಆಡಿದಾಗಲೂ ಕಡೆಯ ಸಾಲಿನ ಪ್ರೇಕ್ಷಕನ ಗುಂಡಿಗೆಯನ್ನು ನಡುಗಿಸಿದ ಶಿರವಿದು! ಕಾಗದ ಕೊಯ್ಯುವ ಯಃಕಶ್ಚಿತ್ ಕತ್ತಿಗೆ ಅಂಜಿ ಇದು ಇಂದು ಕುಗ್ಗುವುದೆ? ಸೂರ್ಯನು ಸಣ್ಣವನಾದಾನು, ಈ ಮಹಾರಾಜ ಸಣ್ಣವನಾಗಲಾರ!”

ಗಿರಣಿಯಲ್ಲಿ ಜೋಳ ಬೀಸಿಸುತ್ತಿದ್ದವರು ಇಣುಕಿ ನೋಡಿದರು. ರುದ್ರಮುನಿ ಕುಳಿತು, ದನಿ ತಗ್ಗಿಸಿ, “ಒಂದೀಟು ನೀರು ಕೊಡವಾ” ಎಂದನು.

ಸುಮಂಗಲೆ ನೀರು ಕೊಟ್ಟಳು. ಬಳಿಕ ಆಕೆಯೂ ಗರ್ಜಿಸಿದಳು: “ಕೇಳ್ರಿ ಯಜಮಾನ್ರ. ಆ ಕತ್ತಿಗೆ ರಾಜಾ ಗೊತ್ತಿಲ್ಲ, ಮಂತ್ರಿ ಗೊತ್ತಿಲ್ಲ. ಹಾಳಿ ಕಟ್ಟು ಇಟ್ಟು ಒತ್ತಿದ್ರ ಕಚಕ್ ಅಂತೈತಿ, ಮುಗೀತು. ನಾಳೆ ಊರ ತುಂಬ ಬೋಳ ತಲಿ ರಾಜಾ ನಿಂತಿರ್ತಾನ. ಆಗ ನನ್ನ ಬೈಬ್ಯಾಡ್ರಿ.”

ಅಷ್ಟರಲ್ಲಿ ಫೋನು ಶಂಖದಂತೆ ಮೊಳಗಿತು. ಪ್ರೆಸ್ಸಿನ ರಾಜೇಸಾಬ ನದಾಫ. “ಅಕ್ಕಾರ, ಹನ್ನೆರಡರೊಳಗ ಫೈಲ್ ಕಳಸ್ರಿ. ಇಲ್ಲಾಂದ್ರ ನಿಮ್ಮದು ಬಿಟ್ಟು ಕ್ಯಾಲೆಂಡರಿನ ಪ್ಲೇಟ್ ಮಾಡಾಕ ಕೊಟ್ಟಬಿಡ್ತೀನಿ. ಆಮ್ಯಾಲೆ ನಿಮ್ಮ ನಾಟಕ ಶನಿವಾರಕ್ಕ ನೋಡ್ರಿ.” ಶನಿವಾರವೆಂದರೆ ಕ್ಯಾಂಪು ಆರಂಭವಾದ ಮರುದಿನ. ಗೋಡೆಯ ಗಡಿಯಾರ ಹನ್ನೊಂದನ್ನು ದಾಟಿತ್ತು.

ಮಹಾರಾಜನು ಪರದೆಯನ್ನು ದಿಟ್ಟಿಸಿ ಯುದ್ಧತಂತ್ರವೊಂದನ್ನು ಕಂಡುಹಿಡಿದನು. “ಸಣ್ಣ ಮಾಡಬ್ಯಾಡ. ಇಡೀ ಫೋಟೋ ಕೆಳಗ ಜಗ್ಗು.”

“ಜಗ್ಗಿದ್ರ ಕೆಳಗಿನ ಸಾಲು ಹೊರಗ ಬೀಳತೈತ್ರಿ.”

“ಬೀಳ್ಲಿ. ತಗದ ಬಿಡು.”

ಕೆಳಗಿನ ಸಾಲಿನಲ್ಲಿ, ಹಾಸ್ಯಗಾರರ ಹೆಸರುಗಳ ಅಡಿಯಲ್ಲಿ, ಹೀಗೆ ಬರೆದಿತ್ತು: ‘ಮಹಾರಾಣಿಯಾಗಿ ನೀಲಾಂಬಿಕಾ ಹಾದಿಮನಿ’.

ಸುಮಂಗಲೆಯ ಬೆರಳು ಮೂಷಕದ ಮೇಲೆ ಮರಗಟ್ಟಿತು. ರುದ್ರಮುನಿ ಕೆಮ್ಮಿದನು. “ಅಲ್ಲಾ, ಆಕಿ ಎಲ್ಲಾರಿಗೂ ಗೊತ್ತಿದ್ದಾಕಿ. ಹೆಸರು ಯಾಕ ಬೇಕಂತ.”

ಸ್ಟೂಲಿನ ಮೇಲಿನ ಮಹಾರಾಣಿ ಈವರೆಗೆ ಚೀಲದಲ್ಲಿ ಮೆಂತ್ಯದ ಸಿವುಡು ಬಾಡದಂತೆ ಸರಿಪಡಿಸುತ್ತಿದ್ದಳು. ತಲೆ ಎತ್ತದೆಯೇ ಮಾತಾಡಿದಳು.

“ತಗದ ಬಿಡವಾ ತಂಗಿ. ಹೆಸರು ತಗದ ಮ್ಯಾಲೆ ಮಂದಿಗೆ ಸುಳ್ಳ ಹೇಳಬಾರ್ದು, ನಾನೂ ಬರಂಗಿಲ್ಲ. ಸಿಂಹಾಸನದ ಬಾಜೂಕ ಒಂದ್ ಕುರ್ಚಿ ಖಾಲಿ ಇಡಸ್ರಿ. ಖಾಲಿ ಕುರ್ಚಿ ಮುಂದ ಆಡಿ ಯಜಮಾನ್ರಿಗೆ ರೂಢಿ ಐತಿ.”

ಹಗ್ಗ ತುಂಡಾಗಿ ಪರದೆ ಕುಸಿದಾಗಲೂ, ಸಹನಟ ಕುಡಿದು ಬಂದು ಮಾತು ಮರೆತಾಗಲೂ ತಡವರಿಸದೆ ಸಂಭಾಷಣೆ ಕಟ್ಟಿದ್ದ ಆ ಮಹಾನಟನ ಉತ್ತರೀಯ ಈಗ ಮತ್ತೆ ಟವೆಲ್ಲಾಗಿ ಆತನ ಮುಖ ಒರೆಸಿತು. ಆತ ಹೆಂಡತಿಯತ್ತ ನೋಡಿದನು. ಆಕೆ ಮೆಂತ್ಯದತ್ತ ನೋಡುತ್ತಿದ್ದಳು. ಸುಮಂಗಲೆಗೆ ನಾಟಕ ನೋಡಿ ಅತ್ತ ಆ ಹಳೆಯ ರಾತ್ರಿ ನೆನಪಾಯಿತು. ಆದರೆ ಅಜ್ಜಿಯ ತೊಡೆ ಇರಲಿಲ್ಲವಾದ್ದರಿಂದ ಆಕೆ ಕೀಬೋರ್ಡಿನ ಧೂಳನ್ನು ಒರೆಸಿದಳು.

“ಎಷ್ಟು ಸಣ್ಣ ಆಗತೈತಿ?” ಕೊನೆಗೆ ರುದ್ರಮುನಿ ಕೇಳಿದನು.

“ಉಗುರಿನಷ್ಟೂ ಇಲ್ರಿ.”

“ಮೀಸಿ ಸಣ್ಣ ಆಗಬಾರ್ದು.”

“ಮೀಸಿ ಒಂದ ಬಿಟ್ಟು ಉಳದದ್ದು ಸಣ್ಣ ಮಾಡಾಕ ಬರಂಗಿಲ್ರಿ.”

“ಮಾಡು” ಎಂದನು ಮಹಾರಾಜ, ಮುಖವನ್ನು ಗಿರಣಿಯ ಕಡೆಗೆ ತಿರುಗಿಸಿಕೊಂಡು.

ಆಗ ಸುಮಂಗಲೆ ಮೂಷಕವನ್ನು ಝಳಪಿಸಿದಳು. ಕಿರೀಟ ಅಂಚನ್ನು ಬಿಟ್ಟು ಕೆಳಗಿಳಿಯಿತು. ಮಹಾರಾಣಿಯ ಸಾಲು ಅಪಾಯದ ಗಡಿಯಿಂದ ಮೇಲೇರಿತು. ಹಿನ್ನೆಲೆಯ ಬಣ್ಣ ನಾಲ್ಕು ದಿಕ್ಕಿಗೂ ಹಬ್ಬಿ ಬಲಿಗೆ ಸಿದ್ಧವಾಯಿತು. ಪರದೆಯ ಬೆಳಕಿನ ಬಣ್ಣಗಳನ್ನು ಆಕೆ ಅಚ್ಚಿನ ಮಸಿಯ ಬಣ್ಣಗಳಿಗೆ ತಿರುಗಿಸಿದೊಡನೆ ರಾಜವಸ್ತ್ರದ ಕೆಂಪು ಸಪ್ಪಗಾಗಲು, ರುದ್ರಮುನಿ “ಇಟ್ಟಂಗಿ ಬಣ್ಣ ಆತಲ್ಲವಾ!” ಎಂದು ಚೀರಿದನು. ಆಕೆ ಗುಲಾಬಿಯನ್ನೂ ಹಳದಿಯನ್ನೂ ತುಂಬಿ ತುಂಬಿ ಅದನ್ನು ಮತ್ತೆ ರಾಜಯೋಗ್ಯಗೊಳಿಸಿದಳು. ಅಕ್ಷರಗಳನ್ನೆಲ್ಲ ಚಿತ್ರದಂತೆ ಗಟ್ಟಿಗೊಳಿಸಿದಳು; ಇಲ್ಲವಾದರೆ ಆ ಫಾಂಟನ್ನು ಕಂಡರಿಯದ ಪ್ರೆಸ್ಸಿನ ಕಂಪ್ಯೂಟರು ಒತ್ತಕ್ಷರವನ್ನು ಉದುರಿಸಿ ‘ರುದ್ರಮುನಿ’ಯನ್ನು ‘ರುದಮುನಿ’ ಮಾಡುವ ಸಂಭವವಿತ್ತು. ಹನ್ನೆರಡಕ್ಕೆ ಇನ್ನೂ ಕೆಲವು ನಿಮಿಷಗಳಿರುವಾಗ ಫೈಲು ದಿವ್ಯಾಸ್ತ್ರದಂತೆ ಹೊರಟಿತು. “ಬಂತ್ರಿ” ಎಂದು ನದಾಫ ಉತ್ತರಿಸಿದನು.

ಮರುದಿನ ಮಧ್ಯಾಹ್ನ ಮೂವರೂ ಪ್ರೆಸ್ಸಿನಲ್ಲಿ ನಿಂತಿದ್ದರು. ಖಡ್ಗವು ಇಳಿಯಿತು, ಏರಿತು. ಶ್ಯಾವಿಗೆಯಂತಹ ಕಾಗದದ ಎಳೆಗಳು ಕೆಳಗೆ ಬಿದ್ದವು. ಆ ಮಹಾಸಮರದಲ್ಲಿ ಮಡಿದವರು ಅವರೇ. ನದಾಫ ಕಾಲಿನಿಂದಲೇ ಅವನ್ನು ಮೂಲೆಗೆ ತಳ್ಳಿದನು.

ರುದ್ರಮುನಿ ಹೊಸ ಪೋಸ್ಟರನ್ನು ಒಂದು ಕೈಯಲ್ಲಿ ಹಿಡಿದನು. ಇನ್ನೊಂದರಲ್ಲಿ, ಸುಮಂಗಲೆ ಮೊದಲು ತೆಗೆದಿದ್ದ ಹಳೆಯ ಅಳತೆಯ ಪ್ರಿಂಟು. ಬಹಳ ಹೊತ್ತು ಎರಡನ್ನೂ ತೂಗಿ ನೋಡಿ, ಹಳೆಯ ದೊಡ್ಡದನ್ನೇ ಎತ್ತಿ ತೋರಿಸಿ ನಿಟ್ಟುಸಿರಿಟ್ಟನು.

“ನೋಡವಾ, ಇದು ಸಣ್ಣ ಮಾಡಿದ್ದು. ಇದ್ರಾಗ ಆ ಗತ್ತು ಇಲ್ಲ. ಇರ್ಲಿ, ಆಕಿ ಸಲುವಾಗಿ ಒಪ್ಪಿದೆ.”

ಸುಮಂಗಲೆ ನದಾಫನ ಮುಖ ನೋಡಿದಳು. ನದಾಫ ಮಷಿನ್ ನೋಡಿದನು. ನೀಲಾಂಬಿಕಾ ಒಂದು ಪೋಸ್ಟರನ್ನು ತೆಗೆದುಕೊಂಡು, ಮಹಾರಾಜನ ಚಿತ್ರ ಒಳಗೆ ಹೋಗಿ ತನ್ನ ಹೆಸರಿನ ಸಾಲು ಮೇಲೆ ಬರುವಂತೆ ಮಡಚಿ ಚೀಲಕ್ಕೆ ಹಾಕಿದಳು.

ಆಮೇಲೆ ಎಲ್ಲರೂ ಎದುರಿನ ಅಂಗಡಿಯಲ್ಲಿ ಚಹಾ ಕುಡಿದರು. ಸಕ್ಕರೆ ತುಸು ಕಡಿಮೆಯಾಗಿತ್ತು.